ಹೊತ್ತೊಯ್ಯುವ ಒಲೆಯ ಚರಿತ್ರೆ: ಬಂಡಿಯಿಂದ ಮೋಟಾರು ಮನೆಯವರೆಗೆ

ಕಡೂರು, ತರೀಕೆರೆ ಮತ್ತು ಅಜ್ಜಂಪುರಗಳನ್ನು ನಕಾಶೆಯ ಮೇಲೆ ಗೆರೆ ಎಳೆದು ಸೇರಿಸಿದರೆ ಯಾವ ಬದಿಯೂ 40 ಕಿ.ಮೀ. ಮೀರದ ಒಂದು ತ್ರಿಕೋನ ದೊರೆಯುತ್ತದೆ. ಈ ಪುಟ್ಟ ತ್ರಿಕೋನದೊಳಗೆ ಎರಡು ಬಗೆಯ ನಾಡುಗಳಿವೆ. ತರೀಕೆರೆಯಿಂದ ಪಶ್ಚಿಮಕ್ಕೆ ಹೋದರೆ ಲಕ್ಕವಳ್ಳಿ, ಕೆಮ್ಮಣ್ಣುಗುಂಡಿಗಳ ದಟ್ಟ ಕಾಡು, ಅಡಿಕೆ ತೋಟ, ಬೇಕೆಂದಷ್ಟು ಸೌದೆ. ಕಡೂರು ಮತ್ತು ಅಜ್ಜಂಪುರಗಳ ಕಡೆ ಬಂದರೆ ಬಾಬಾಬುಡನ್‌ಗಿರಿ ಸಾಲಿನ ಮಳೆನೆರಳಿನ ಬಯಲು. ತೆಂಗು, ರಾಗಿ, ಹುಲ್ಲುಗಾವಲು. ಅಲ್ಲಿ ಒಲೆಗೆ ಬೀಳುವುದು ಜಾಲಿಯ ಪುಳ್ಳೆ, ತೆಂಗಿನ ಗರಿ, ಚಿಪ್ಪು, ತೊಗರಿಕಡ್ಡಿ ಮತ್ತು ಬೆರಣಿ. ಒಂದೇ ದಿನದ ಬಂಡಿ ಪ್ರಯಾಣದಲ್ಲಿ ಸೌದೆ ಹೇರಳವಾಗಿರುವ ನಾಡಿನಿಂದ ಸೌದೆಗೆ ಬರವಿರುವ ನಾಡಿಗೆ ಬಂದು ಮುಟ್ಟಬಹುದು.

ಹೀಗಿರುವಾಗ ದಾರಿ ನಡೆಯುವವನ ಮುಂದೆ ಒಂದು ಪ್ರಶ್ನೆ ಏಳುತ್ತದೆ. ಅವನು ಅಡುಗೆಗೆ ಏನನ್ನು ಹೊತ್ತೊಯ್ಯಬೇಕು? ಸೌದೆಯನ್ನೇ, ಒಲೆಯನ್ನೇ, ಅಥವಾ ಎರಡನ್ನೂ ಬಿಟ್ಟು ಬರಿಯ ಪಾತ್ರೆಯನ್ನೇ? ಮೇಲುನೋಟಕ್ಕೆ ಇದು ಸಣ್ಣ ಪ್ರಶ್ನೆ. ಆದರೆ ಇದರ ಉತ್ತರದಲ್ಲಿ ಉಷ್ಣಶಾಸ್ತ್ರವಿದೆ, ಈ ಸೀಮೆಯ ಚರಿತ್ರೆಯಿದೆ, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಕೆಲವು ಮಹತ್ತ್ವದ ಸಂಶೋಧನೆಗಳೂ ಇವೆ. ಇಂದು ಮೋಟಾರು ಮನೆಗಳಲ್ಲಿ, ಎಂದರೆ ಕ್ಯಾರವಾನುಗಳಲ್ಲಿ, ಮಲೆನಾಡಿಗೆ ಬಂದು ಬಿಡಾರ ಹೂಡುವ ಪ್ರವಾಸಿಗರಿಗೆ ಆ ಉತ್ತರ ಜೀವನ್ಮರಣದ ವಿಷಯವೂ ಆಗಬಹುದು.

ಮೂರು ಕಲ್ಲಿನ ಒಲೆ

ಅಜ್ಜಂಪುರದ ಹೆಸರು ಕೇಳಿದೊಡನೆ ನೆನಪಾಗುವುದು ಅಮೃತ ಮಹಲ್ ದನಗಳು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1672–1704) ‘ಬೆಣ್ಣೆ ಚಾವಡಿ’ ಎಂಬ ಹೆಸರಿನಲ್ಲಿದ್ದ ಅರಮನೆಯ ದನಗಳ ಇಲಾಖೆಗೆ ‘ಅಮೃತ ಮಹಲ್’ ಎಂಬ ಹೆಸರು ಬಂದದ್ದು ಟಿಪ್ಪುವಿನ ಕಾಲದಲ್ಲಿ. ಹೈದರ್ ಮತ್ತು ಟಿಪ್ಪು ಇಬ್ಬರ ಸೈನ್ಯಗಳೂ ತೋಪು, ಮದ್ದುಗುಂಡು, ಸಾಮಾನುಗಳನ್ನು ಎಳೆಸುತ್ತಿದ್ದುದು ಈ ತಳಿಯ ಎತ್ತುಗಳಿಂದ. ದನಗಳ ಮೇವಿಗೆ ‘ಕಾವಲು’ ಎಂಬ ಹುಲ್ಲುಗಾವಲುಗಳನ್ನು ಮೀಸಲಿಡಲಾಗಿತ್ತು. ಬೇಸಗೆಗೆ ಕೆಲವು, ಮಳೆಗಾಲಕ್ಕೆ ಕೆಲವು, ಚಳಿಗಾಲಕ್ಕೆ ಕೆಲವು ಎಂದು ಕಾವಲುಗಳಲ್ಲಿ ವಿಂಗಡಣೆಯಿತ್ತು. ಆದ್ದರಿಂದ ಮಂದೆಯೊಡನೆ ಅದನ್ನು ಕಾಯುವವರೂ ಋತುವಿಗೊಂದು ನೆಲೆಗೆ ಸಾಗುತ್ತಿದ್ದರು. ಈ ಪರಂಪರೆಯ ಮುಂದುವರಿಕೆಯಾಗಿ 1929ರಲ್ಲಿ ಅಜ್ಜಂಪುರದಲ್ಲಿ ತಳಿ ಸಂವರ್ಧನಾ ಕೇಂದ್ರ ಸ್ಥಾಪನೆಯಾಯಿತು.

ಇದೇ ದಾರಿಗಳಲ್ಲಿ ಓಡಾಡಿದ ಮತ್ತೊಂದು ಸಮುದಾಯ ಲಂಬಾಣಿಗಳದು. ಹೇರೆತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ಸಾಗುತ್ತಿದ್ದ ಇವರು ಮೈಸೂರು ಯುದ್ಧಗಳ ಕಾಲದಲ್ಲಿ ಸೈನ್ಯಗಳಿಗೆ ಧಾನ್ಯ ಒದಗಿಸುವ ಕೆಲಸ ಮಾಡಿದರು. 1791–92ರ ಕಾರ್ನ್‌ವಾಲಿಸನ ದಂಡಯಾತ್ರೆಗೂ ಅವರ ಎತ್ತುಗಳೇ ಆಧಾರವಾಗಿದ್ದವು. ತರೀಕೆರೆಯ ಸುತ್ತಮುತ್ತ ಇಂದಿಗೂ ಲಂಬಾಣಿ ತಾಂಡಗಳಿವೆ.

ಜಾತ್ರೆಗೆ ಹೋಗುವ ಒಕ್ಕಲು ಮಕ್ಕಳದೂ ಇಂಥದೇ ಪ್ರಯಾಣ. ಅಜ್ಜಂಪುರ ಸೀಮೆಯ ಅಂತರಘಟ್ಟೆಯ ದುರ್ಗಾಂಬೆಯ ಜಾತ್ರೆಗೆ ತರೀಕೆರೆ, ಭದ್ರಾವತಿಗಳ ಕಡೆಯಿಂದ ಪಾನಕದ ಗಾಡಿಗಳು ಬರುವುದು ಪ್ರಸಿದ್ಧ. ಕಮಾನು ಕಟ್ಟಿದ ಗಾಡಿ ಹಗಲು ವಾಹನ, ರಾತ್ರಿ ಮನೆ. ನೊಗ ಇಳಿಸಿ, ಎತ್ತುಗಳಿಗೆ ಹುಲ್ಲು ಹಾಕಿ, ಗಾಡಿಯ ಮರೆಯಲ್ಲಿ ಮೂರು ಕಲ್ಲು ಹೂಡಿದರೆ ಅಡುಗೆಮನೆ ಸಿದ್ಧ. ನಮ್ಮ ನಾಡಿನ ಮೊದಲ ಮೋಟಾರು ಮನೆ ಇದೇ; ಮೋಟಾರು ಮಾತ್ರ ಇರಲಿಲ್ಲ.

ಇವರಲ್ಲಿ ಯಾರೂ ಒಲೆಯನ್ನು ಹೊತ್ತು ತಿರುಗಲಿಲ್ಲ ಎಂಬುದನ್ನು ಗಮನಿಸಬೇಕು. ಇದು ಅಜ್ಞಾನವಲ್ಲ, ಲೆಕ್ಕಾಚಾರ. ಕಲ್ಲು ಎಲ್ಲ ಕಡೆಯೂ ಸಿಗುತ್ತದೆ, ಅದನ್ನು ಹೊರಬೇಕಾಗಿಲ್ಲ. ಪುಳ್ಳೆಯನ್ನು ದಾರಿಯಲ್ಲೇ ಆಯಬಹುದು. ಮೂರು ಕಲ್ಲಿನ ಒಲೆಯ ದಕ್ಷತೆ ಕಡಮೆ ನಿಜ. ಸೌದೆಯಲ್ಲಿರುವ ಶಕ್ತಿಯಲ್ಲಿ ಸಾಮಾನ್ಯವಾಗಿ ಶೇಕಡ 10ರಿಂದ 15ರಷ್ಟು ಮಾತ್ರ ಪಾತ್ರೆಯೊಳಗಿನ ಪದಾರ್ಥಕ್ಕೆ ತಲಪುತ್ತದೆ. ಉಳಿದದ್ದು ಗಾಳಿಗೆ, ನೆಲಕ್ಕೆ, ಕಲ್ಲಿಗೆ ಮತ್ತು ಹೊಗೆಗೆ. ಆದರೆ ಸೌದೆಗೆ ಬೆಲೆಯೇ ಇಲ್ಲದಿದ್ದಾಗ ದಕ್ಷತೆಗೂ ಬೆಲೆಯಿಲ್ಲ.

ಒಲೆಯ ತೂಕ, ಸೌದೆಯ ತೂಕ

ಈಗ ಸೌದೆ ಸಿಗದ ಬಯಲಿನಲ್ಲಿ ಪ್ರಯಾಣ ಎಂದಿಟ್ಟುಕೊಳ್ಳೋಣ. ಕಡೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಒಂದು ಸಂಸಾರದ ಒಂದು ಹೊತ್ತಿನ ಅಡುಗೆಯನ್ನು 5 ಲೀಟರ್ ನೀರಿನ ಲೆಕ್ಕದಲ್ಲಿ ಹಿಡಿಯೋಣ. 25 ಡಿಗ್ರಿಯಿಂದ 97 ಡಿಗ್ರಿಗೆ ಕಾಯಿಸಲು ಬೇಕಾಗುವ ಉಷ್ಣ 1.5 ಮೆಗಾಜೂಲ್. ಬೇಯುವಾಗ ಸುಮಾರು 600 ಗ್ರಾಂ ನೀರು ಆವಿಯಾದರೆ ಅದಕ್ಕೆ 1.4 ಮೆಗಾಜೂಲ್. ಒಟ್ಟು ಸುಮಾರು 3 ಮೆಗಾಜೂಲ್.

ಗಾಳಿಯಲ್ಲಿ ಒಣಗಿದ ಒಂದು ಕಿಲೋಗ್ರಾಂ ಸೌದೆ ಉರಿದಾಗ ಸುಮಾರು 15 ಮೆಗಾಜೂಲ್ ಉಷ್ಣ ದೊರೆಯುತ್ತದೆ. ಶೇಕಡ 12 ದಕ್ಷತೆಯ ಮೂರು ಕಲ್ಲಿನ ಒಲೆಗೆ ಒಂದು ಹೊತ್ತಿಗೆ ಬೇಕಾಗುವ ಸೌದೆ ಸುಮಾರು 1.7 ಕಿ.ಗ್ರಾಂ. ಶೇಕಡ 40 ದಕ್ಷತೆಯ ಒಲೆಗೆ ಅರ್ಧ ಕಿ.ಗ್ರಾಂ. ಸಾಕು. ಹೊತ್ತಿಗೆ 1.2 ಕಿ.ಗ್ರಾಂ. ಉಳಿತಾಯ. ಒಲೆಯ ತೂಕ 4 ಕಿ.ಗ್ರಾಂ. ಇದ್ದರೂ ನಾಲ್ಕು ಹೊತ್ತಿನ ಅಡುಗೆಯಲ್ಲಿ ಅದರ ತೂಕ ತೀರಿಹೋಗುತ್ತದೆ. ಅಂದರೆ ಸೌದೆಯನ್ನು ಹೊರಬೇಕಾದಲ್ಲಿ, ಅಥವಾ ಹಣ ಕೊಟ್ಟು ಕೊಳ್ಳಬೇಕಾದಲ್ಲಿ, ಎರಡು ದಿನಕ್ಕಿಂತ ಉದ್ದದ ಪ್ರಯಾಣಕ್ಕೆ ಒಳ್ಳೆಯ ಒಲೆಯನ್ನು ಹೊತ್ತೊಯ್ಯುವುದೇ ಲಾಭ. ಹೊತ್ತೊಯ್ಯುವ ಒಲೆಯ ಚರಿತ್ರೆಯೆಲ್ಲ ಈ ಒಂದು ಲೆಕ್ಕದ ಮೇಲೆ ನಿಂತಿದೆ.

ಈ ಲೆಕ್ಕವನ್ನು ಪ್ರಯೋಗದಿಂದ ಮಾಡಿ ತೋರಿಸಿದವರಲ್ಲಿ ಮೊದಲಿಗನೆಂದರೆ ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಪರಿಚಿತನಾದ ಕೌಂಟ್ ರಮ್‌ಫೋರ್ಡ್. ತೋಪಿನ ಕೊಳವೆ ಕೊರೆಯುವಾಗ ಹುಟ್ಟುವ ಉಷ್ಣವನ್ನು ಅಳೆದು, ಉಷ್ಣವೆಂಬುದು ಒಂದು ದ್ರವ್ಯವಲ್ಲ, ಚಲನೆಯ ರೂಪ ಎಂದು 1798ರಲ್ಲಿ ವಾದಿಸಿದವನು ಈತ. ಬವೇರಿಯದ ಸೈನ್ಯ ಮತ್ತು ಮ್ಯೂನಿಕ್ಕಿನ ಬಡವರ ಅಡುಗೆಮನೆಗಳನ್ನು ನಡೆಸುವಾಗ ಈತ ಪ್ರತಿ ಅಡುಗೆಗೂ ಸೌದೆಯನ್ನು ತೂಗಿ ಲೆಕ್ಕವಿಟ್ಟ. ಬೆಂಕಿಯನ್ನು ಬಯಲಿನಲ್ಲಿ ಬಿಡದೆ ಗೋಡೆಗಳೊಳಗೆ ಮುಚ್ಚಬೇಕು; ಗಾಳಿ ಬೇಕಾದಷ್ಟೇ ಒಳಬರಬೇಕು; ಜ್ವಾಲೆ ಪಾತ್ರೆಯ ತಳವನ್ನೂ ಬದಿಯನ್ನೂ ಸವರಿ ಹೋಗಬೇಕು. ಇವು ಅವನು ಕಂಡುಕೊಂಡ ಸೂತ್ರಗಳು. ಒಯ್ಯಬಹುದಾದ ಒಲೆಗಳನ್ನೂ ಅವನು ರಚಿಸಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅಮೃತ ಮಹಲ್ ಎತ್ತುಗಳ ಹಿಂದೆ ಸಾಗುತ್ತಿದ್ದ ಸೈನಿಕ ಮೂರು ಕಲ್ಲಿನ ಮೇಲೆ ಅಡುಗೆ ಮಾಡುತ್ತಿದ್ದ ಕಾಲಕ್ಕೇ, ಇನ್ನೊಂದು ಖಂಡದಲ್ಲಿ ಒಲೆ ವಿಜ್ಞಾನದ ವಿಷಯವಾಗಿ ಮಾರ್ಪಟ್ಟಿತ್ತು.

ಅಗ್ಗಿಷ್ಟಿಕೆ ಮತ್ತು ಇದ್ದಿಲು

ನಮ್ಮಲ್ಲಿ ಎತ್ತಿ ಒಯ್ಯುವ ಒಲೆ ಇರಲೇ ಇಲ್ಲವೆಂದಲ್ಲ. ಅಗ್ಗಿಷ್ಟಿಕೆ, ಕುಂಪಟೆ ಎಂಬ ಹೆಸರುಗಳೇ ಅದಕ್ಕೆ ಸಾಕ್ಷಿ. ಮಣ್ಣಿನಲ್ಲೋ ಕಬ್ಬಿಣದಲ್ಲೋ ಮಾಡಿದ ಈ ಸಣ್ಣ ಒಲೆಗಳಲ್ಲಿ ಉರಿಯುತ್ತಿದ್ದುದು ಸೌದೆಯಲ್ಲ, ಇದ್ದಿಲು. ಅಮಲ್ದಾರರೋ ಬೇರೆ ಅಧಿಕಾರಿಗಳೋ ಹಳ್ಳಿಗಳಲ್ಲಿ ಮೊಕ್ಕಾಂ ಮಾಡುವಾಗ ಡೇರೆ, ಪಾತ್ರೆಗಳೊಡನೆ ಇಂಥ ಒಲೆಯೂ ಗಾಡಿ ಏರುತ್ತಿತ್ತು.

ಇದ್ದಿಲಿಗೆ ಈ ಮರ್ಯಾದೆ ಏಕೆ? ಸೌದೆಯನ್ನು ಗಾಳಿಯಿಲ್ಲದೆ ಕಾಯಿಸಿದರೆ ಅದರ ತೂಕದ ಸುಮಾರು ಮುಕ್ಕಾಲು ಪಾಲು ಅನಿಲ, ಆವಿ ಮತ್ತು ಟಾರಿನ ರೂಪದಲ್ಲಿ ಹೊರಬರುತ್ತದೆ. ಉಳಿಯುವುದು ಬಹುಮಟ್ಟಿಗೆ ಶುದ್ಧ ಕಾರ್ಬನ್. ಹೊಗೆಗೆ ಕಾರಣವಾದ ವಸ್ತುಗಳೆಲ್ಲ ಆಗಲೇ ಹೊರಟುಹೋಗಿರುವುದರಿಂದ ಇದ್ದಿಲು ಹೊಗೆಯಿಲ್ಲದೆ ಉರಿಯುತ್ತದೆ. ತೂಕಕ್ಕೆ ಹೋಲಿಸಿದರೆ ಅದರ ಉಷ್ಣವೂ ಸೌದೆಯ ಸುಮಾರು ಎರಡರಷ್ಟು. ಪ್ರಯಾಣಕ್ಕೆ ಇದಕ್ಕಿಂತ ಅನುಕೂಲವಾದ ಇಂಧನ ಬೇರೆ ಇರಲಿಲ್ಲ. ಆದರೆ ‘ಹೊಗೆಯಿಲ್ಲ’ ಎಂಬುದನ್ನು ‘ವಿಷವಿಲ್ಲ’ ಎಂದು ಭಾವಿಸುವ ಅಪಾಯವೂ ಇಲ್ಲಿಂದಲೇ ಪ್ರಾರಂಭವಾಯಿತು. ಆ ವಿಷಯಕ್ಕೆ ಮುಂದೆ ಬರೋಣ.

ಇದ್ದಿಲಿನ ಕತೆಯಲ್ಲಿ ತರೀಕೆರೆಗೆ ದೊಡ್ಡ ಸ್ಥಾನವಿದೆ. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಕಬ್ಬಿಣದ ಅದಿರನ್ನೂ ಮಲೆನಾಡಿನ ಮರವನ್ನೂ ನಂಬಿ 1923ರಲ್ಲಿ ನೆರೆಯ ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. ಅಲ್ಲಿ ಮರವನ್ನು ಮುಚ್ಚಿದ ಕೋಶಗಳಲ್ಲಿ ಕಾಯಿಸಿ ಇದ್ದಿಲನ್ನು ಊದುಕುಲುಮೆಗೆ ಬಳಸುತ್ತಿದ್ದರು. ಹೊರಬಂದ ಆವಿಯನ್ನು ತಂಪುಗೊಳಿಸಿ ಅದರಿಂದ ರಾಸಾಯನಿಕಗಳನ್ನು ಪಡೆಯುತ್ತಿದ್ದರು. ಒಲೆಯಲ್ಲಿ ಹೊಗೆಯಾಗಿ ಕಣ್ಣುರಿಸುವ ವಸ್ತುವೇ ಅಲ್ಲಿ ಮಾರಾಟದ ಸರಕು. ಸೌದೆಯ ದಹನ ಎರಡು ಹಂತದ ಕ್ರಿಯೆ, ಮೊದಲು ಅನಿಲ ಹೊರಬರುವುದು, ಆಮೇಲೆ ಕೆಂಡ ಉರಿಯುವುದು ಎಂಬ ಪಾಠವನ್ನು ಇಡೀ ಕಾರ್ಖಾನೆಯೇ ಕಲಿಸುತ್ತಿತ್ತು.

ಬಸ್ಸಿನ ಬೆನ್ನೇರಿದ ಒಲೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಒಲೆ ಮೋಟಾರನ್ನೇ ಏರಿತು. ಮೈಸೂರು ಸಂಸ್ಥಾನದ ರಸ್ತೆಗಳಲ್ಲಿಯೂ ಇದ್ದಿಲು ಅನಿಲದ ಬಸ್ಸುಗಳು ಓಡಿದವು. ಬಸ್ಸಿನ ಹಿಂಭಾಗದಲ್ಲಿ ಒಂದು ಉರುಳೆಯಾಕಾರದ ಕುಲುಮೆ. ಅದರೊಳಗೆ ಇದ್ದಿಲು ತುಂಬಿ, ಪಂಕ ತಿರುಗಿಸಿ ಕೆಂಡ ಮಾಡಿ, ಗಾಳಿಯನ್ನು ಮಿತವಾಗಿ ಹಾಯಿಸುತ್ತಿದ್ದರು. ಆಮ್ಲಜನಕ ಸಾಲದೆ ಹೋದಾಗ ಕಾರ್ಬನ್ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಈ ಅನಿಲ ತಾನೇ ಒಂದು ಇಂಧನ. ಅದನ್ನು ಸೋಸಿ ಎಂಜಿನ್ನಿಗೆ ಕೊಟ್ಟರೆ ಬಸ್ಸು ಓಡುತ್ತದೆ. ಏರುದಾರಿಯಲ್ಲಿ ಮಾತ್ರ ತುಸು ಏದುಸಿರು. ಸ್ವೀಡನ್ನಿನಂಥ ದೇಶದಲ್ಲಿ ಆ ಕಾಲದಲ್ಲಿ ಹೀಗೆ ಮರ ಮತ್ತು ಇದ್ದಿಲಿನ ಅನಿಲದಿಂದ ಓಡುತ್ತಿದ್ದ ವಾಹನಗಳು 70 ಸಾವಿರಕ್ಕೂ ಹೆಚ್ಚು.

ಯುದ್ಧ ಮುಗಿದು ಪೆಟ್ರೋಲ್ ದೊರೆಯುವಂತಾದ ಮೇಲೆ ಈ ಕುಲುಮೆಗಳು ಗುಜರಿ ಸೇರಿದವು. ಆದರೆ ಅವುಗಳ ಹಿಂದಿದ್ದ ತತ್ತ್ವ ಸಾಯಲಿಲ್ಲ. ಘನ ಇಂಧನವನ್ನು ಮೊದಲು ಅನಿಲವನ್ನಾಗಿ ಮಾಡಿ, ಆ ಅನಿಲವನ್ನು ಬೇರೆ ಜಾಗದಲ್ಲಿ, ಬೇರೆ ಗಾಳಿಯೊಡನೆ ಉರಿಸಬಹುದು ಎಂಬ ಈ ತತ್ತ್ವ ಸುಮಾರು ಅರ್ಧ ಶತಮಾನದ ನಂತರ ಅಡುಗೆ ಒಲೆಗೆ ಮರಳಿ ಬಂದಿತು.

ವಿಜ್ಞಾನ ಮಂದಿರದಿಂದ ಅಡುಗೆಮನೆಗೆ

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಹೊಗೆರಹಿತ ಒಲೆಗಳ ಬಗ್ಗೆ ದೇಶದಲ್ಲಿ ಆಸಕ್ತಿ ಮೂಡಿತು. ವಾರ್ಧಾದ ಮಗನವಾಡಿಯಲ್ಲಿ ‘ಮಗನ್ ಚೂಲಾ’ ರೂಪುಗೊಂಡಿತು. ಹೈದರಾಬಾದಿನ ಎಸ್. ಪಿ. ರಾಜು ಅವರ ಹೊಗೆಯಿಲ್ಲದ ಅಡುಗೆಮನೆಯ ಕುರಿತ ಪುಸ್ತಕ 1953ರಲ್ಲಿ ಪ್ರಕಟವಾಯಿತು. ಇವೆಲ್ಲ ಮಣ್ಣಿನಿಂದ ಕಟ್ಟಿ, ಹೊಗೆ ಕೊಳವೆ ಇಟ್ಟ ಸ್ಥಿರ ಒಲೆಗಳು.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಹೊಸ ತಿರುವು ಬಂದದ್ದು 1974ರಲ್ಲಿ. ಆ ವರ್ಷ ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿ ಅವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭವಾಯಿತು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರ ಅದರ ಕಾರ್ಯಕ್ಷೇತ್ರ. ಸುತ್ತಲಿನ ಹಳ್ಳಿಗಳಲ್ಲಿ ಶಕ್ತಿ ಬಳಕೆಯ ಸಮೀಕ್ಷೆ ನಡೆಸಿದಾಗ ಹಳ್ಳಿಯ ಶಕ್ತಿಯ ಬಹುಪಾಲು ಬರುವುದು ಸೌದೆಯಿಂದ, ಅದರಲ್ಲಿ ಬಹುಪಾಲು ಹೋಗುವುದು ಅಡುಗೆಗೆ ಎಂಬುದು ಅಂಕಿ ಅಂಶಗಳಿಂದ ಸ್ಪಷ್ಟವಾಯಿತು. ಸೌದೆ ಎಂದರೆ ಕಡಿದ ಮರವೂ ಅಲ್ಲ. ಹೆಚ್ಚಿನಂಶ ಹೆಂಗಸರೂ ಮಕ್ಕಳೂ ಆಯ್ದು ತಂದ ಪುಳ್ಳೆ. ಈ ಅರಿವಿನಿಂದ ಹುಟ್ಟಿದ್ದು 1980ರ ದಶಕದ ಮೊದಲಲ್ಲಿ ರೂಪುಗೊಂಡ, ಮೂರು ಪಾತ್ರೆ ಕೂರುವ ‘ಅಸ್ತ್ರ ಒಲೆ’. ಕೆ. ಎಸ್. ಜಗದೀಶ್, ಎಸ್. ಎಸ್. ಲೋಕ್ರಸ್, ಸ್ವಾತಿ ಭೋಗ್ಲೆ ಮೊದಲಾದವರು ಇದರ ವಿನ್ಯಾಸದಲ್ಲಿ ದುಡಿದವರು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಇದನ್ನು ಹಳ್ಳಿಗಳಿಗೆ ಒಯ್ಯುವ ಕೆಲಸ ಮಾಡಿತು. ಕೇಂದ್ರ ಸರ್ಕಾರ 1983ರಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. 2002ರಲ್ಲಿ ಅದು ನಿಲ್ಲುವ ಹೊತ್ತಿಗೆ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆಗಳನ್ನು ಕಟ್ಟಲಾಗಿತ್ತು; ಆದರೆ ಅವುಗಳಲ್ಲಿ ಬಹಳಷ್ಟು ಹೆಚ್ಚು ಕಾಲ ಬಾಳಲಿಲ್ಲ.

ಅಸ್ತ್ರ ಒಲೆ ಮನೆಗೆ ಅಂಟಿಕೊಂಡ ಒಲೆ. ಮನೆಯಿಂದ ಮನೆಗೆ, ಊರಿಂದ ಊರಿಗೆ ಹೋಗುವ ಕೂಲಿಕಾರನಿಗೆ, ಬಾಡಿಗೆ ಮನೆಯವನಿಗೆ, ಬಿಡಾರದವನಿಗೆ ಏನು ಗತಿ? ಈ ದಿಕ್ಕಿನ ಉತ್ತರವೂ ಅದೇ ಸಂಸ್ಥೆಯಿಂದ ಬಂದಿತು. ವಾಯುಯಾನ ಎಂಜಿನಿಯರಿಂಗ್ ವಿಭಾಗದಲ್ಲಿ ರಾಕೆಟ್ಟುಗಳ ದಹನವನ್ನು ಅಭ್ಯಸಿಸುತ್ತಿದ್ದ ಪ್ರೊ. ಎಚ್. ಎಸ್. ಮುಕುಂದ ಅವರು ಯು. ಶ್ರೀನಿವಾಸ ಮತ್ತು ಎಸ್. ದಾಸಪ್ಪ ಅವರೊಡನೆ, ಎತ್ತಿ ಒಯ್ಯಬಹುದಾದ ಒಂದೇ ಪಾತ್ರೆಯ ಸೌದೆ ಒಲೆಯ ಕುರಿತು 1988ರಲ್ಲಿ ಪ್ರಬಂಧ ಪ್ರಕಟಿಸಿದರು. ‘ಸ್ವಸ್ತಿ’ ಎಂದು ಕಿವಿಗೆ ಕೇಳುವ ಅದರ ಹೆಸರು ‘ಹೆಚ್ಚು ದಕ್ಷತೆಯ ಒಂಟಿ ಪಾತ್ರೆಯ ಸೌದೆ ಒಲೆ’ ಎಂಬರ್ಥದ ಇಂಗ್ಲಿಷ್ ಪದಗಳ ಅಕ್ಷರಗಳಿಂದ ಕೂಡಿಸಿದ್ದು. ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಅದರ ದಕ್ಷತೆ ಶೇಕಡ 40ರ ಆಸುಪಾಸಿನಲ್ಲಿತ್ತು. ದಹನ ಕೋಶವನ್ನು ಬಿಸಿಯಾಗಿ ಉಳಿಸುವುದು, ಗಾಳಿಯನ್ನು ಮಿತಿಯಲ್ಲಿಡುವುದು, ಬಿಸಿ ಅನಿಲ ಪಾತ್ರೆಗೆ ಒತ್ತಾಗಿ ಹಾಯುವಂತೆ ಮಾಡುವುದು. ರಮ್‌ಫೋರ್ಡನ ಸೂತ್ರಗಳೇ ಇಲ್ಲಿ ಅಳತೆಯ ಬಲದಿಂದ ಪರಿಪೂರ್ಣಗೊಂಡವು. ಅದೇ ವರ್ಷ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಸೌದೆಯ ಅನಿಲದಿಂದ ಎಂಜಿನ್ ನಡೆಸಿ ಊರಿಗೆ ವಿದ್ಯುತ್ ಕೊಡುವ ಪ್ರಯೋಗವನ್ನೂ ಈ ಸಂಸ್ಥೆಯ ವಿಜ್ಞಾನಿಗಳು ಕೈಗೊಂಡರು ಎಂಬುದು ಗಮನಾರ್ಹ.

ಎರಡು ಪ್ಯಾಸ್ಕಲ್‌ಗಳ ಸಮಸ್ಯೆ

ಸ್ಥಿರ ಒಲೆಗೂ ಒಯ್ಯುವ ಒಲೆಗೂ ಮೂಲಭೂತವಾದ ಒಂದು ವ್ಯತ್ಯಾಸವಿದೆ. ಸ್ಥಿರ ಒಲೆಗೆ ಹೊಗೆ ಕೊಳವೆ ಇರುತ್ತದೆ. ಕೊಳವೆಯೊಳಗಿನ ಬಿಸಿ ಅನಿಲ ಹೊರಗಿನ ಗಾಳಿಗಿಂತ ಹಗುರ. ಈ ಸಾಂದ್ರತೆಯ ವ್ಯತ್ಯಾಸವನ್ನು ಗುರುತ್ವ ವೇಗೋತ್ಕರ್ಷ ಮತ್ತು ಕೊಳವೆಯ ಎತ್ತರಗಳಿಂದ ಗುಣಿಸಿದರೆ ಗಾಳಿಯನ್ನು ಎಳೆಯುವ ಒತ್ತಡ ಸಿಗುತ್ತದೆ. 3 ಮೀಟರ್ ಎತ್ತರದ, 150 ಡಿಗ್ರಿ ಉಷ್ಣತೆಯ ಕೊಳವೆಗೆ ಇದು ಸುಮಾರು 10 ಪ್ಯಾಸ್ಕಲ್. ಒಯ್ಯುವ ಒಲೆಯ ಎತ್ತರವೆಲ್ಲ ಸೇರಿ 30 ಸೆಂ.ಮೀ. ಒಳಗಿನ ಅನಿಲ 600 ಡಿಗ್ರಿಯಷ್ಟು ಬಿಸಿಯಾಗಿದ್ದರೂ ದೊರೆಯುವ ಎಳೆತ ಸುಮಾರು 2 ಪ್ಯಾಸ್ಕಲ್ ಮಾತ್ರ. ಇದು ನೀರಿನ ಮಟ್ಟದಲ್ಲಿ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗ!

ಇಷ್ಟು ದುರ್ಬಲ ಎಳೆತದಲ್ಲಿ ಗಾಳಿಯೂ ಅನಿಲವೂ ಚೆನ್ನಾಗಿ ಬೆರೆಯುವುದಿಲ್ಲ. ಬೆರೆಯದಿದ್ದರೆ ಹೊಗೆ. ನಮ್ಮ ಅಜ್ಜಿಯರ ಊದುಕೊಳವೆ ನಿವಾರಿಸುತ್ತಿದ್ದುದು ಈ ಎರಡು ಪ್ಯಾಸ್ಕಲ್‌ಗಳ ಸಮಸ್ಯೆಯನ್ನೇ. ಕೊಳವೆಯಿಲ್ಲದ ಒಲೆಗೆ ಇನ್ನೊಂದು ಕಷ್ಟವೂ ಇದೆ. ಅದರ ಹೊಗೆಯನ್ನು ಮಾಡಿನಾಚೆಗೆ ಸಾಗಿಸುವ ದಾರಿಯೇ ಇಲ್ಲ. ಆದ್ದರಿಂದ ಒಯ್ಯುವ ಒಲೆ ಶುಚಿಯಾಗಿರಬೇಕಾದರೆ ದಹನವೇ ಪೂರ್ಣವಾಗಬೇಕು, ಬೇರೆ ಮಾರ್ಗವಿಲ್ಲ.

ಇದಕ್ಕೆ ಪರಿಹಾರ ಒಂದು ಪುಟ್ಟ ಪಂಕ. ವಿಜ್ಞಾನ ಮಂದಿರದ ಸಂಶೋಧನೆಯನ್ನು ಆಧರಿಸಿ ಬಿಪಿ ಕಂಪನಿ 2006ರಲ್ಲಿ ‘ಊರ್ಜಾ’ ಎಂಬ ಒಲೆಯನ್ನು ಮಾರುಕಟ್ಟೆಗೆ ತಂದಿತು. ಕೃಷಿ ತ್ಯಾಜ್ಯವನ್ನು ಒತ್ತಿ ಮಾಡಿದ ಗುಳಿಗೆಗಳನ್ನು ಕೋಶದಲ್ಲಿ ತುಂಬಿ ಮೇಲಿನಿಂದ ಹೊತ್ತಿಸಬೇಕು. ಬೆಂಕಿಯ ಪದರ ನಿಧಾನವಾಗಿ ಕೆಳಗಿಳಿಯುತ್ತದೆ. ತಳದಿಂದ ಬರುವ ಮಿತವಾದ ಗಾಳಿ ಇಂಧನವನ್ನು ಅನಿಲವಾಗಿಸುತ್ತದೆ. ಮೇಲಂಚಿನ ರಂಧ್ರಗಳಿಂದ ಬರುವ ಎರಡನೆಯ ಗಾಳಿ ಆ ಅನಿಲವನ್ನು ಪಾತ್ರೆಯ ತಳದಲ್ಲಿ ಉರಿಸುತ್ತದೆ. ಯುದ್ಧಕಾಲದ ಬಸ್ಸಿನ ತತ್ತ್ವವೇ ಇಲ್ಲಿ ಅಂಗೈ ಅಗಲದ ಜಾಗಕ್ಕೆ ಇಳಿದಿದೆ. ಸುಮಾರು 4 ಲಕ್ಷ ಒಲೆಗಳು ಮಾರಾಟವಾದವು. ಆದರೆ ಮುಂದೆ ಗುಳಿಗೆಗಳ ಕಚ್ಚಾ ಪದಾರ್ಥದ ಬೆಲೆ ಏರಿದಾಗ ಮನೆಬಳಕೆ ಕುಸಿಯಿತು. ಒಲೆ ಎಷ್ಟೇ ಒಳ್ಳೆಯದಿದ್ದರೂ ಅದರ ಆಯುಷ್ಯ ಇಂಧನದ ಬೆಲೆಗೆ ಗಂಟುಬಿದ್ದಿರುತ್ತದೆ ಎಂಬುದು ಇದರಿಂದ ಸಿಗುವ ಪಾಠ.

ಹೊರದೇಶಗಳಲ್ಲಿ ಬಿಡಾರಿಗರಿಗಾಗಿ ಮಾರುವ ಅನೇಕ ಸಣ್ಣ ಸೌದೆ ಒಲೆಗಳಲ್ಲಿಯೂ ಇದೇ ಎರಡು ಗಾಳಿಗಳ ಏರ್ಪಾಡು ಇರುತ್ತದೆ. ಕೆಲವುಗಳಲ್ಲಿ 1821ರಲ್ಲಿ ಸೀಬೆಕ್ ಕಂಡುಹಿಡಿದ ಪರಿಣಾಮವನ್ನು ಬಳಸಿ, ಒಲೆಯ ಉಷ್ಣದಿಂದಲೇ ವಿದ್ಯುತ್ ಪಡೆದು ಪಂಕ ತಿರುಗಿಸುತ್ತಾರೆ.

ಮುಚ್ಚಿದ ಮನೆ, ಕಾಣದ ವಿಷ

ಇಂದು ಕೆಮ್ಮಣ್ಣುಗುಂಡಿ, ಬಾಬಾಬುಡನ್‌ಗಿರಿಗಳ ಕಡೆಗೆ ಪ್ರವಾಸಿಗರು ಮಂಚ, ಮೇಜು, ನೀರಿನ ತೊಟ್ಟಿಗಳಿರುವ ಮೋಟಾರು ಮನೆಗಳಲ್ಲಿ ಬರುತ್ತಾರೆ. ಸುಮಾರು 1,430 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಯಲ್ಲಿ ನೀರು ಕುದಿಯುವುದು ಸುಮಾರು 95 ಡಿಗ್ರಿಯಲ್ಲಿ. ಆದ್ದರಿಂದ ಬೇಳೆ ಬೇಯಲು ಹೆಚ್ಚು ಹೊತ್ತು, ಹೆಚ್ಚು ಸೌದೆ ಬೇಕು. ಅಡುಗೆ ಮುಗಿದ ಮೇಲೆ ಒಲೆಯಲ್ಲಿ ಕೆಂಡ ಉಳಿದಿರುತ್ತದೆ. ಹೊರಗೆ ಮಾಗಿಯ ಚಳಿ. ಹೊಗೆಯೂ ಇಲ್ಲ. ಒಲೆಯನ್ನು ಒಳಗಿಟ್ಟು ಕಿಟಕಿ ಮುಚ್ಚಿ ಮಲಗಿದರೆ ಬೆಚ್ಚಗಿರುತ್ತದಲ್ಲವೆ? ಇಂಥ ಯೋಚನೆ ಯಾರಿಗೂ ಬರಬಹುದು. ಅದರ ಫಲವನ್ನು ಲೆಕ್ಕ ಮಾಡಿ ನೋಡೋಣ.

ವಾಹನದೊಳಗಿನ ಉದ್ದ 4 ಮೀಟರ್, ಅಗಲ ಮತ್ತು ಎತ್ತರ ತಲಾ 1.8 ಮೀಟರ್ ಇದ್ದರೆ ಒಳಗಿನ ಗಾಳಿ ಸುಮಾರು 13 ಘನ ಮೀಟರ್. ಒಲೆಯಲ್ಲಿ ಉಳಿದ ಕೆಂಡ ಕೇವಲ 100 ಗ್ರಾಂ. ಅದರಲ್ಲಿ ಕಾರ್ಬನ್ 80 ಗ್ರಾಂ ಎನ್ನೋಣ. ಮಂದವಾಗಿ ಕನಲುವ ಕೆಂಡದಲ್ಲಿ ಈ ಕಾರ್ಬನ್ನಿನ ಹತ್ತನೆಯ ಒಂದು ಭಾಗ, ಅಂದರೆ 8 ಗ್ರಾಂ, ಕಾರ್ಬನ್ ಮಾನಾಕ್ಸೈಡ್ ಆಯಿತೆಂದು ಹಿಡಿಯೋಣ. ಅಣುತೂಕಗಳ ಪ್ರಕಾರ 12 ಗ್ರಾಂ ಕಾರ್ಬನ್ನಿನಿಂದ 28 ಗ್ರಾಂ ಕಾರ್ಬನ್ ಮಾನಾಕ್ಸೈಡ್ ಬರುವುದರಿಂದ ನಮಗೆ ಸಿಗುವುದು ಸುಮಾರು 19 ಗ್ರಾಂ. ಇದರ ಗಾತ್ರ ಸುಮಾರು 16 ಲೀಟರ್. ಗಾಳಿ ಹೊರಹೋಗದಿದ್ದರೆ 13,000 ಲೀಟರಿನಲ್ಲಿ 16 ಲೀಟರ್, ಅಂದರೆ ದಶಲಕ್ಷದಲ್ಲಿ 1,200 ಭಾಗಕ್ಕೂ ಹೆಚ್ಚು.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಕಾಲು ಗಂಟೆಯ ಮಟ್ಟಿಗೆ ಸಹಿಸಬಹುದಾದ ಮಿತಿ ಘನ ಮೀಟರಿಗೆ 100 ಮಿಲಿಗ್ರಾಂ. ನಮ್ಮ ಲೆಕ್ಕದ ಪ್ರಮಾಣ ಅದರ ಸುಮಾರು 14 ಪಟ್ಟು. ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಇಷ್ಟು ಪ್ರಮಾಣದಲ್ಲಿ ಎಚ್ಚರವಿರುವವನಿಗೆ ಅರ್ಧ ಗಂಟೆಯ ಆಸುಪಾಸಿನಲ್ಲಿ ತಲೆನೋವು, ತಲೆಸುತ್ತು. ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯ. ನಿದ್ರಿಸುತ್ತಿರುವವನಿಗೆ ಆ ಮುನ್ಸೂಚನೆಯೂ ಸಿಗದು. ಬಣ್ಣವಿಲ್ಲ, ವಾಸನೆಯಿಲ್ಲ. ಒಂದು ಹಿಡಿ ಕೆಂಡ ಸಾಕು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಬಂಡಿಯ ಕಾಲದವರಿಗೆ ಈ ಅಪಾಯವಿರಲಿಲ್ಲ. ಕಮಾನು ಗಾಡಿಯ ಎರಡು ತುದಿಗಳೂ ತೆರೆದಿದ್ದವು. ಒಲೆ ನೆಲದ ಮೇಲಿತ್ತು. ಅಪಾಯ ಬಂದದ್ದು ಗಾಡಿಗೆ ಗಾಜು, ರಬ್ಬರು, ಬಾಗಿಲುಗಳು ಬಂದು ಅದು ಗಾಳಿ ತೂರದಂತಾದ ಮೇಲೆ. ಆದ್ದರಿಂದ ಸೌದೆ ಒಲೆಯ ಜಾಗ ಯಾವಾಗಲೂ ವಾಹನದ ಹೊರಗೆ, ಕಿಟಕಿಗೆ ಎದುರಲ್ಲದ ಕಡೆ, ಬರಿ ನೆಲದ ಮೇಲೆ. ಮಲಗುವ ಮುನ್ನ ಕೆಂಡದ ಮೇಲೆ ನೀರು ಸುರಿದು, ಕಲಕಿ, ಬೂದಿ ತಣ್ಣಗಾದದ್ದನ್ನು ನೋಡಿಕೊಳ್ಳಬೇಕು. ಮೀಸಲು ಅರಣ್ಯದೊಳಗೆ ಬೆಂಕಿ ಹೊತ್ತಿಸುವುದು 1963ರ ಕರ್ನಾಟಕ ಅರಣ್ಯ ಕಾಯಿದೆಯಂತೆ ಅಪರಾಧ ಎಂಬುದನ್ನೂ ಮರೆಯಬಾರದು. 1998ರಿಂದ ಹುಲಿ ಯೋಜನೆಗೆ ಸೇರಿರುವ ಭದ್ರಾ ಅಭಯಾರಣ್ಯ ತರೀಕೆರೆಯ ಮಗ್ಗುಲಲ್ಲೇ ಇದೆ. ಬೇಸಗೆಯಲ್ಲಿ ಒಣಹುಲ್ಲಿನ ಗುಡ್ಡಕ್ಕೆ ಒಂದು ಕಿಡಿ ಸಾಕು.

ಪ್ರವಾಸಿಗನಿಗೆ ಒಂದು ರಾತ್ರಿಯ ಅಪಾಯವಾಗಿರುವುದು ಗುಡಿಸಲಿನ ಗೃಹಿಣಿಗೆ ದಿನನಿತ್ಯದ್ದು. ಕಿರ್ಕ್ ಸ್ಮಿತ್ ಮತ್ತು ಸಂಗಡಿಗರು ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರು ಉಸಿರಾಡುವ ಹೊಗೆಯನ್ನು ಅಳೆದು 1983ರಲ್ಲಿ ಪ್ರಕಟಿಸಿದಾಗಲೇ ಜಗತ್ತಿನ ಗಮನ ಇತ್ತ ಹರಿದದ್ದು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 2016ರಲ್ಲಿ ಉಜ್ವಲ ಯೋಜನೆ ಬಂದು ಅಡುಗೆ ಅನಿಲ ಹಳ್ಳಿಗಳಿಗೂ ತಲಪಿದೆ. ಆದರೂ ಸಿಲಿಂಡರಿನ ಪಕ್ಕದಲ್ಲಿ ಸೌದೆ ಒಲೆ ಇರುವ ಮನೆಗಳು ಈ ಮೂರು ತಾಲ್ಲೂಕುಗಳಲ್ಲಿಯೂ ಉಂಟು. ಸ್ನಾನದ ನೀರಿಗೆ, ಅಡಿಕೆ ಬೇಯಿಸಲು ಸೌದೆಯೇ ಬೇಕಾಗುತ್ತದೆ.

ಶಾಲೆಯಲ್ಲಿ ಒಂದು ಪ್ರಯೋಗ

ಒಲೆಯ ದಕ್ಷತೆಯನ್ನು ಅಳೆಯುವುದು ಪ್ರೌಢಶಾಲೆಯ ಅಂಗಳದಲ್ಲೇ ಸಾಧ್ಯ. ಒಂದು ತಕ್ಕಡಿ, ಒಂದು ಉಷ್ಣತಾಮಾಪಕ, ಎರಡು ಲೀಟರ್ ನೀರು, ತೂಗಿದ ಒಣ ಸೌದೆ ಇದ್ದರೆ ಸಾಕು. ಉಪಾಧ್ಯಾಯರು ಪಕ್ಕದಲ್ಲಿರಬೇಕು, ಬಯಲಲ್ಲೇ ಮಾಡಬೇಕು. ನೀರಿನ ಆರಂಭದ ಉಷ್ಣತೆಯನ್ನು ಬರೆದುಕೊಂಡು, ಕುದಿ ಬರುವವರೆಗೆ ಉರಿಸಿ, ಕೂಡಲೇ ಬೆಂಕಿ ಆರಿಸಿ ಉಳಿದ ಸೌದೆಯನ್ನೂ ನೀರನ್ನೂ ಮತ್ತೆ ತೂಗಬೇಕು. ನೀರು ಪಡೆದ ಉಷ್ಣಕ್ಕೆ ಆವಿಯಾದ ನೀರಿನ ಗುಪ್ತೋಷ್ಣವನ್ನು ಸೇರಿಸಿ, ಉರಿದ ಸೌದೆಯ ಉಷ್ಣದಿಂದ ಭಾಗಿಸಿದರೆ ದಕ್ಷತೆ ಸಿಗುತ್ತದೆ. ಉಳಿದ ಇದ್ದಿಲನ್ನು ಲೆಕ್ಕಕ್ಕೆ ಹಿಡಿದರೆ ಫಲಿತಾಂಶ ಇನ್ನೂ ನಿಖರ. ಮೊದಲು ಮೂರು ಕಲ್ಲಿನ ಒಲೆ, ಆಮೇಲೆ ಅದರ ಸುತ್ತ ತಗಡಿನ ಮರೆ ಇಟ್ಟು, ಕೊನೆಗೆ ಅಡಿಯಲ್ಲಿ ಕಂಬಿಯ ಜಾಲರಿ ಇಟ್ಟು, ಹೀಗೆ ಮೂರು ಸಲ ಮಾಡಿ ಹೋಲಿಸಬಹುದು.

ಕಡೂರಿನ ಶಾಲೆಯಲ್ಲಿ ತೆಂಗಿನ ಚಿಪ್ಪಿನಿಂದ, ಅಜ್ಜಂಪುರದಲ್ಲಿ ಜಾಲಿಯ ಪುಳ್ಳೆಯಿಂದ, ತರೀಕೆರೆಯಲ್ಲಿ ಕಾಡುಮರದ ಚಕ್ಕೆಯಿಂದ ಇದೇ ಪ್ರಯೋಗ ಮಾಡಿ ಅಂಕಿಗಳನ್ನು ಹಂಚಿಕೊಂಡರೆ, ನಾವು ಮೊದಲಲ್ಲಿ ಎಳೆದ ತ್ರಿಕೋನದ ಪೂರ್ಣ ಚಿತ್ರ ದೊರೆಯುತ್ತದೆ. ಸೌದೆಯನ್ನು ತೂಗಿ ನೋಡಿದ ವಿದ್ಯಾರ್ಥಿ, ಮನೆಗೆ ಹೋಗಿ ಅಮ್ಮನ ಒಲೆಯ ಮುಂದೆ ಕುಳಿತಾಗ ಹೊಗೆಯನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾನೆ.